ಬರ್ರಿ ಅಂದ ತಪ್ಪಿಗೆ

ನಮ್ಮ ಕಡೆ ಊಟಕ್ಕೆ ಕೂತವರು ಬಾಗಿಲ ಮುಂದೆ ಯಾರು ಹಾದುಹೋದರೂ "ಬರ್ರಿ, ಊಟ ಮಾಡಾನ" ಅನ್ನಬೇಕು. ಹಾದುಹೋಗುವವರು "ನಂದು ಆತ್ರಿ, ನೀವು ಮಾಡ್ರಿ" ಅನ್ನಬೇಕು. ಅವರದ್ದು ಆಗಿರುವುದಿಲ್ಲ. ನಮ್ಮ ಪಾತ್ರೆಯಲ್ಲಿ ಅವರಿಗೆ ಸಾಲುವಷ್ಟು ಇರುವುದೂ ಇಲ್ಲ. ಇದು ಇಬ್ಬರಿಗೂ ಗೊತ್ತಿದ್ದೇ ನಡೆಯುವ ಮಾತು. ಕರೆಯದೆ ತುತ್ತು ಬಾಯಿಗಿಟ್ಟರೆ ಮಾತ್ರ ಅದು ಗಂಟಲಲ್ಲಿ ಇಳಿಯುವುದಿಲ್ಲ. ಮದುವೆಯಾಗಿ ದಾವಣಗೆರೆಗೆ ಬಂದಾಗಿನಿಂದ ನಾನೂ ಹೀಗೆ ಕರೆಯುತ್ತಲೇ ಬಂದಿದ್ದೇನೆ. ನನ್ನ ಗಂಡ ಇದೇ ಪದ್ಧತಿಯನ್ನು ಥಾಯ್ಲೆಂಡಿಗೂ ಹಚ್ಚುವವರೆಗೆ ಅದರ ಬಗ್ಗೆ ನನ್ನ ತಕರಾರೇನೂ ಇರಲಿಲ್ಲ.

ಹೋದ ವರ್ಷ ನಾನು ಹೈಸ್ಕೂಲಿನ ಕೆಲಸದಿಂದ ನಿವೃತ್ತಳಾದೆ. ಸಮಾಜ ವಿಜ್ಞಾನದ ಟೀಚರು. ಸುತ್ತಲೂ ನೀರಿನಿಂದ ಆವೃತವಾದ ಭೂಭಾಗವೇ ದ್ವೀಪ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವಳು, ಒಂದು ದ್ವೀಪಕ್ಕೂ ಕಾಲಿಟ್ಟವಳಲ್ಲ. ಸಮುದ್ರ ನೋಡಿಲ್ಲವೆಂದಲ್ಲ. ಗೋಕರ್ಣ, ಮುರ್ಡೇಶ್ವರ ಎಲ್ಲ ಆಗಿವೆ. ಆದರೆ ಅಲ್ಲೆಲ್ಲ ಸಮುದ್ರವೆಂದರೆ ದರ್ಶನಕ್ಕೆ ಮೊದಲು ಮುಳುಗಿ ಏಳುವ ಜಾಗ. ಹದಿನೈದು ಜನರ ಬಟ್ಟೆ ಕಾಯುತ್ತ ದಡದಲ್ಲಿ ನಿಲ್ಲಬೇಕು, ಮಿನಿ ಬಸ್ಸಿನವನು ಹಾರ್ನ್ ಹೊಡೆದರೆ ಒದ್ದೆ ಸೀರೆ ಹಿಂಡಿಕೊಂಡು ಓಡಬೇಕು. ಸಮುದ್ರದ ಮುಂದೆ ಸುಮ್ಮನೆ ಕೂತ ನೆನಪು ನನಗೊಂದೂ ಇಲ್ಲ.

ನಿವೃತ್ತಿಯಾದ ಮೇಲೆ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಒಂದು ಚಿತ್ರ ಕಂಡೆ. ಥಾಯ್ಲೆಂಡಿನ ಯಾವುದೋ ದ್ವೀಪ. ಬಿಳಿ ಮರಳು, ತಿಳಿ ಹಸಿರು ನೀರು, ಎರಡು ಕುರ್ಚಿ. ಕುರ್ಚಿಗಳ ಮೇಲೆ ಯಾರೂ ಇಲ್ಲ. ಎಷ್ಟು ಹೊತ್ತು ನೋಡುತ್ತ ಕೂತೆನೋ, ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆಯೆಲ್ಲ ಆಯಿತು. ಸಂಜೆ ಗಂಡ ಅಂಗಡಿಯಿಂದ ಬಂದಾಗ ಚಿತ್ರ ತೋರಿಸಿ, "ರೀ, ನಾವಿಬ್ಬರೇ ಇಲ್ಲಿಗೆ ಹೋಗಾನ. ಒಂದು ವಾರ," ಅಂದೆ.

ನನ್ನ ಗಂಡನದು ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಬಂದವರನ್ನೆಲ್ಲ ಕೂಡ್ರಿಸಿ ಚಹಾ ಕುಡಿಸಿ ಮಳೆ ಬೆಳೆ ವಿಚಾರಿಸಿ ಆಮೇಲೆ ಮೋಟರಿನ ಮಾತಿಗೆ ಬರುವ ಮನುಷ್ಯ. ಚಿತ್ರವನ್ನು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಅಲ್ಲಿ ಏನೈತೆ ನೋಡಾಕೆ?"

"ಏನೂ ಇಲ್ಲ. ಅದಕ್ಕೇ ಹೋಗಾದು."

"ಆತು ಬಿಡು ಟೀಚರಮ್ಮ, ಹೋಗಾನ," ಅಂದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಎಸ್.ಎಸ್. ಬಡಾವಣೆಯ ಒಂದು ಟ್ರಾವೆಲ್ಸ್ ಆಫೀಸಿಗೆ ಹೋದೆವು. ಕೌಂಟರಿನಲ್ಲಿದ್ದ ಹುಡುಗಿ ಚುರುಕು. ಕಂಪ್ಯೂಟರು ನಮ್ಮ ಕಡೆ ತಿರುಗಿಸಿ ಪಟಪಟ ಶುರುಮಾಡಿದಳು. "ಡೇ ಒನ್ ಫುಕೆಟ್ ಸಿಟಿ ಟೂರ್, ಡೇ ಟೂ ಸ್ಪೀಡ್ ಬೋಟಲ್ಲಿ ನಾಲ್ಕು ಐಲ್ಯಾಂಡ್ಸ್, ಡೇ ತ್ರೀ ಕ್ರಾಬಿ, ಆನೆ ಕ್ಯಾಂಪು, ಟೈಗರ್ ಶೋ..."

"ಬ್ಯಾಡಮ್ಮ," ಅಂದೆ. "ಒಂದೇ ದ್ವೀಪ. ಒಂದೇ ರೂಮು. ಮುಂದೆ ಸಮುದ್ರ. ಬೆಳಿಗ್ಗೆ ಕೂಡೋದು, ಸಂಜೆ ಏಳೋದು."

ಆ ಹುಡುಗಿ ನನ್ನನ್ನೂ ನನ್ನ ಗಂಡನನ್ನೂ ನೋಡಿದಳು. "ಏನೂ ಮಾಡದೇ ಇರೋ ಪ್ಯಾಕೇಜ್ ನಮ್ಮಲ್ಲಿ ಇಲ್ಲ ಮೇಡಂ. ಕಸ್ಟಮೈಸ್ ಮಾಡ್ಬೇಕು." ನನಗೆ ನಗು ಬಂತು. ಏನೂ ಮಾಡದೆ ಇರುವುದಕ್ಕೂ ಬೇರೆ ಅಳತೆ ತೆಗೆದು ಹೊಲಿಸಬೇಕು. ಕೊನೆಗೆ ಲಾಂಟಾ ಎಂಬ ದ್ವೀಪ ನಿಶ್ಚಯವಾಯಿತು. ಕ್ರಾಬಿಯವರೆಗೆ ವಿಮಾನ, ಅಲ್ಲಿಂದ ವ್ಯಾನು, ಆಮೇಲೆ ದೋಣಿ. ತಿಂಗಳು ಆರಿಸಿದ್ದು ಮಾತ್ರ ನಾನೇ. ನೈಋತ್ಯ ಮಾರುತ ಅಂಡಮಾನ್ ಸಮುದ್ರವನ್ನೂ ಬಿಡುವುದಿಲ್ಲ, ಆ ದಡಕ್ಕೆ ಹೋಗುವುದಾದರೆ ಜನವರಿ, ಫೆಬ್ರವರಿಯೇ ಸರಿ ಎಂದು ಗೋಡೆಯ ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದೆ. ಆ ಹುಡುಗಿ "ಕರೆಕ್ಟ್ ಮೇಡಂ" ಅಂದಳು. ಇಷ್ಟು ವರ್ಷ ಪಾಠ ಮಾಡಿದ್ದು ನನ್ನ ಸ್ವಂತಕ್ಕೆ ಉಪಯೋಗವಾದದ್ದು ಅವತ್ತೇ ಮೊದಲು.

ಟಿಕೆಟ್ಟು ತೆಗೆಸುವ ಮೊದಲು ಒಂದು ಪರೀಕ್ಷೆ ಮಾಡಿ ನೋಡೋಣ ಅನಿಸಿತು. ಪರೀಕ್ಷೆ ಮಾಡದೆ ಯಾರನ್ನೂ ಮುಂದಿನ ಕ್ಲಾಸಿಗೆ ಕಳಿಸಿದವಳಲ್ಲ ನಾನು. ಒಂದು ಭಾನುವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಕೊಂಡಜ್ಜಿ ಕೆರೆಗೆ ಹೋದೆವು. ದಂಡೆಯ ಮರದ ನೆರಳಿಗೆ ಚಾಪೆ ಹಾಸಿದೆ. ಮಧ್ಯಾಹ್ನ ಒಂದರವರೆಗೆ ಇಬ್ಬರೂ ಮೊಬೈಲ್ ಮುಟ್ಟುವಂತಿಲ್ಲ, ಅಂಗಡಿಯ ಮಾತಿಲ್ಲ, ಸುಮ್ಮನೆ ಕೂಡುವುದು ಎಂದು ಕಟ್ಟುನಿಟ್ಟು ಮಾಡಿದೆ.

ಸುಮ್ಮನೆ ಕೂತೆವು. ದೂರದಲ್ಲಿ ಸ್ಕೌಟ್ ಮೈದಾನದ ಸೀಟಿ ಕೇಳುತ್ತಿತ್ತು. ನೀರಿನ ಮೇಲೆ ಎರಡು ಕೊಕ್ಕರೆ. ಸ್ವಲ್ಪ ಹೊತ್ತಿಗೆ ಗಂಡ ಗಂಟಲು ಸರಿಮಾಡಿಕೊಂಡು, "ಈ ಕೆರಿಗೆ ಐದು ಎಚ್‌ಪಿ ಮೋಟರ್ ಸಾಲಂಗಿಲ್ಲ ನೋಡು," ಅಂದರು. ನಾನು ದುರುಗುಟ್ಟಿದೆ. ಅವರು ಸುಮ್ಮನಾದರು. ಆಮೇಲೆ ಮತ್ತೆ ಯಾರೂ ಮಾತಾಡಲಿಲ್ಲ. ಅರ್ಧ ಗಂಟೆಯಾಯಿತು. ನಾನು ಏನಾದರೂ ಹೇಳೋಣವೆಂದು ಮನಸ್ಸಿನಲ್ಲಿ ಹುಡುಕಿದೆ. ಮದುವೆಯಾಗಿ ಹೋದ ಮಗಳ ವಿಷಯ ಬೆಳಿಗ್ಗೆಯೇ ಆಗಿತ್ತು. ಮೈದುನನ ಮನೆಯ ವಿಷಯ, ನೀರಿನ ಟ್ಯಾಂಕಿನ ವಿಷಯ ನಿನ್ನೆಯೇ ಮುಗಿದಿತ್ತು. ಅವರು ಚಾಪೆಯ ಎಳೆ ಕೀಳುತ್ತಿದ್ದರು. ಹತ್ತೂವರೆಗೆ ಅವರ ಗಿರಾಕಿಯೊಬ್ಬ, ಅಲ್ಲಿಯದೇ ರೈತ, ಎತ್ತು ಹೊಡೆದುಕೊಂಡು ಬಂದ. "ಬರ್ರಿ, ಕೂಡ್ರಿ!" ಎಂದು ಗಂಡ ಅವನನ್ನು ಕೈಹಿಡಿದು ಚಾಪೆಯ ಮೇಲೆ ಕೂಡಿಸಿಕೊಂಡರು. ಅವರ ಮುಖದಲ್ಲಿ ಬಂದ ಕಳೆ ನೋಡಿ ನನಗೆ ಸಿಟ್ಟು ಬರಲಿಲ್ಲ, ಭಯವಾಯಿತು.

ಆ ಭಯವನ್ನು ಬಿಡಿಸಿ ಹೇಳುತ್ತೇನೆ. ನಮ್ಮದು ತುಂಬಿದ ಮನೆ. ವಿದ್ಯಾನಗರದ ಈ ಮನೆಯ ಕೆಳಗೆ ನಾವು, ಮೇಲೆ ಮೈದುನನ ಸಂಸಾರ, ಅತ್ತೆ ಮಾವ ಇದ್ದಾಗ ಇನ್ನೂ ಜನ. ಜನ ಇದ್ದಾಗ ನಾವಿಬ್ಬರೂ ಚೆನ್ನಾಗಿರುತ್ತೇವೆ. ನಗುತ್ತೇವೆ, ಜಗಳಾಡುತ್ತೇವೆ, ಬಂದವರ ಮುಂದೆ ಒಬ್ಬರ ಕಾಲನ್ನೊಬ್ಬರು ಎಳೆಯುತ್ತೇವೆ. ಜನ ಇಲ್ಲದಾಗ ನಾವು ಹೇಗಿರುತ್ತೇವೆ ಎಂಬುದು ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ಮದುವೆಯಾಗಿ ಮೂವತ್ತನಾಲ್ಕು ವರ್ಷವಾದರೂ ನಾವಿಬ್ಬರೇ ಎಲ್ಲಿಯೂ ಎರಡು ದಿನ ಇದ್ದವರಲ್ಲ. ಈಗ ಅದನ್ನು ಕಲಿಯದಿದ್ದರೆ ಇನ್ನು ಯಾವಾಗ? ಕೊಂಡಜ್ಜಿಯಿಂದ ವಾಪಸು ಬರುವಾಗ ಸ್ಕೂಟರಿನ ಹಿಂದೆ ಕೂತು ನಾನು ಹಟ ಹಿಡಿದಂತೆ ನಿರ್ಧಾರ ಮಾಡಿದೆ. ಹೋಗುವುದೇ, ಇಬ್ಬರೇ ಹೋಗುವುದು, ಬೇಸರವಾದರೆ ಬೇಸರಪಟ್ಟುಕೊಂಡೇ ಒಂದು ವಾರ ಕೂಡುವುದು.

ಎರಡು ವಾರದ ಮೇಲೆ ಟ್ರಾವೆಲ್ಸಿನ ಹುಡುಗಿ ಫೋನ್ ಮಾಡಿದಳು. "ಮೇಡಂ, ಗುಡ್ ನ್ಯೂಸ್. ಹತ್ತರ ಮೇಲಾದ್ರೆ ಗ್ರೂಪ್ ರೇಟ್ ಸಿಗುತ್ತೆ. ಸರ್ ಜೊತೆ ವಾಕಿಂಗ್ ಬರ್ತಾರಲ್ಲ, ಬ್ಯಾಂಕ್ ಮ್ಯಾನೇಜರ್ ಆಗಿದ್ದೋರು, ಅವರು ಲಿಸ್ಟ್ ಕೊಟ್ಟು ಹೋದ್ರು. ಹನ್ನೊಂದು ಜನ ಅಲ್ವಾ?"

ನಾನು ಸೊಪ್ಪು ಸೋಸುತ್ತಿದ್ದೆ. ಕೈಯಲ್ಲಿದ್ದ ಮೆಂತ್ಯೆ ಕಟ್ಟು ಹಾಗೇ ಕೆಳಗಿಟ್ಟೆ. ಪಟ್ಟಿ ಓದು ಅಂದೆ, ಓದಿದಳು. ನಾವಿಬ್ಬರು. ಮೈದುನ ಮತ್ತು ಅವನ ಹೆಂಡತಿ. ಪಕ್ಕದ ಮನೆಯ ಗಂಡ ಹೆಂಡತಿ. ಅಂಗಡಿಯ ಎದುರಿನ ಹಾರ್ಡ್‌ವೇರ್ ಸಾಹುಕಾರರು, ಅವರ ಮನೆಯವರು. ಮ್ಯಾನೇಜರ್ ದಂಪತಿ. ಹನ್ನೊಂದನೆಯವರು ಹರಿಹರದಲ್ಲಿರುವ ನನ್ನ ಗಂಡನ ಅಕ್ಕ. ಅಷ್ಟರಲ್ಲಿ ಮ್ಯಾನೇಜರು "ಚಲೋ ಥಾಯ್ಲೆಂಡ್" ಅಂತ ವಾಟ್ಸಾಪ್ ಗ್ರೂಪನ್ನೂ ಮಾಡಿದ್ದರು. ಅದರಲ್ಲಿ ಆಗಲೇ ಚರ್ಚೆ ನಡೆದಿತ್ತು. ಅಲ್ಲಿಯ ಊಟ ಆಗುವುದಿಲ್ಲ, ಇಲ್ಲಿಂದಲೇ ಒಬ್ಬ ಅಡುಗೆಯವನನ್ನು ಕರೆದುಕೊಂಡು ಹೋಗೋಣ, ರೊಟ್ಟಿ ಬಡಿಯಲು ಬರಬೇಕು ಅಷ್ಟೆ.

ನನಗೆ ಸಿಟ್ಟು ಬಂದರೆ ಅಡುಗೆ ಮನೆಯಲ್ಲಿ ಪಾತ್ರೆಗಳೇ ಹೇಳುತ್ತವೆ. ಅವತ್ತು ಗಂಡ ಮಧ್ಯಾಹ್ನದ ಊಟಕ್ಕೆ ಬಂದವರು ಆ ಸದ್ದಿಗೇ ವರಾಂಡದಲ್ಲಿ ನಿಂತುಬಿಟ್ಟರು.

"ಯಾರ್ಯಾರನ್ನ ಕರದೀರಿ?"

"ಯಾರನ್ನೂ ಕರದಿಲ್ಲ. ಥಾಯ್ಲೆಂಡಿಗೆ ಹೊಂಟೀವಿ ಅಂತ ಹೇಳಿದೆ. ಹೇಳಿದ ಮ್ಯಾಲೆ ನೀವೂ ಬರ್ರಿ ಅನ್ನದಿದ್ರೆ ಹೆಂಗೆ? ಬಾಯಿಮಾತಿಗೆ ಅಂದೆ."

"ಮತ್ತೆ?"

"ನಮ್ದೇನು ಬಿಡ್ರಿ, ನೀವು ಹೋಗಿ ಬರ್ರಿ ಅಂತಾರೆ ಅನ್ಕೊಂಡಿದ್ದೆ," ಅಂದರು, ಬೆಪ್ಪಾದ ಮುಖದಲ್ಲಿ. "ಎಲ್ಲಾರೂ ಹೂಂ ಅಂದುಬಿಟ್ರು."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊಟಕ್ಕೆ ಕರೆದರೆ ಒಲ್ಲೆ ಅನ್ನುವ ಊರು ವಿಮಾನಕ್ಕೆ ಕರೆದರೆ ಬ್ಯಾಗು ತುಂಬಿಕೊಳ್ಳುತ್ತದೆ ಎಂದು ಅವರಿಗಾದರೂ ಹೇಗೆ ಗೊತ್ತಾಗಬೇಕು. ಆದರೆ ಅವತ್ತು ನಾನು ಕನಿಕರ ತೋರಿಸಲಿಲ್ಲ. "ನನ್ನ ಜೊತೆ ಒಂದು ವಾರ ಕೂಡಾಕೆ ನಿಮಗೆ ಒಂಬತ್ತು ಜನರ ಕಾವಲು ಬೇಕಾ?" ಅಂತ ಕೇಳಿಬಿಟ್ಟೆ. ಕೇಳಿದವಳೇ ತಟ್ಟೆಗೆ ಅನ್ನ ಬಡಿಸಿದೆ.

ಅವರು ಕೈಕಾಲು ತೊಳೆದು ಬಂದರು. ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದರು. ಆಮೇಲೆ ತಟ್ಟೆ ನೋಡುತ್ತಲೇ ಹೇಳಿದರು. "ನಾನು ಎಸ್ಸೆಸ್ಸೆಲ್ಸಿ ಓದಿದವ. ನೀನು ಪುಸ್ತಕ ಓದ್ತಿ, ಮಾತಾಡ್ತಿ. ನಂಗೆ ಪೈಪು ಬಿಟ್ರೆ ಮಾತಾಡಾಕೆ ಏನೈತೆ? ಕೊಂಡಜ್ಜಿಯಾಗ ನೋಡಿದಿಯಲ್ಲ. ಏಳು ದಿನ ನನ್ನ ಜೊತೆ ಕೂತ್ರೆ ನಿಂಗೆ ಬ್ಯಾಸರ ಆಗತೈತೆ. ನಾಲ್ಕು ಜನ ಇದ್ರೆ ಮಾತಿಗೆ ಆಗ್ತಾರೆ ಅಂತ... ಕರೆಯೋವಾಗ ಅದೂ ಮನಸಿನಾಗಿತ್ತು."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಒಂದೇ ಚಾಪೆಯ ಮೇಲೆ ಕೂತು ಇಬ್ಬರೂ ಒಂದೇ ಭಯ ಪಟ್ಟಿದ್ದೆವು. ನಾನು ಅವರ ಪಕ್ಕ ಕೂತು, ನನಗೂ ಹಾಗೇ ಅನಿಸಿತ್ತೆಂದು ಹೇಳಿದೆ. ಮಾತಿಲ್ಲದಿದ್ದರೆ ಬೇಡ, ಸುಮ್ಮನೆ ಕೂಡುವುದನ್ನೇ ಕಲಿಯೋಣ ಅಂದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. "ಹಂಗಾದ್ರೆ ಅವರಿಗೆಲ್ಲ ಬ್ಯಾಡ ಅಂತ ಹೇಳಬೇಕು," ಅಂದರು. ಹೇಳುವಾಗ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

ನಿಜವಾದ ಕಷ್ಟ ಶುರುವಾದದ್ದು ಆಗ. ಕರೆಯುವುದಕ್ಕೆ ನಮ್ಮಲ್ಲಿ ಮಾತಿದೆ, ನಯವಾಗಿ ಒಲ್ಲೆನೆನ್ನಲಿಕ್ಕೂ ಮಾತಿದೆ. ಕರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾತ್ರ ಮಾತೇ ಇಲ್ಲ. ಹಿರಿಯರು ಅದನ್ನು ಮಾಡಿಟ್ಟಿಲ್ಲ, ಬೇಕಾಗಬಹುದೆಂದು ಅವರಿಗೆ ಹೊಳೆದಂತೆಯೂ ಇಲ್ಲ. ಗಂಡ ಮೊದಲು ಸುಳ್ಳಿನ ದಾರಿ ಹುಡುಕಿದರು. ವಿಮಾನ ಫುಲ್ಲಾಗಿದೆ ಅನ್ನೋಣ, ನನಗೆ ಬಿಪಿ ಅನ್ನೋಣ, ಅಲ್ಲಿ ಸುನಾಮಿ ಸೂಚನೆ ಐತಂತೆ ಅನ್ನೋಣ. ನಾನು ಒಪ್ಪಲಿಲ್ಲ. ವಿಮಾನ ಫುಲ್ಲೆಂದರೆ ಮುಂದಿನ ತಿಂಗಳು ಹೋಗೋಣ ಅನ್ನುತ್ತಾರೆ, ಬಿಪಿ ಎಂದರೆ ಹಣ್ಣು ತೆಗೆದುಕೊಂಡು ನೋಡಲಿಕ್ಕೆ ಬರುತ್ತಾರೆ. "ಇದ್ದದ್ದು ಇದ್ದಂಗೆ ಹೇಳ್ರಿ. ನಾವಿಬ್ಬರೇ ಹೋಗಬೇಕಂತ ಆಸೆ ಐತೆ ಅಂತ."

"ಈ ವಯಸ್ಸಿನಾಗ? ಹೆಂಗೆ ಹೇಳಲಿ?"

"ಬಾಯಿಂದ."

ಮೂರು ದಿನ ತಿರುಗಿ ಅವರು ನಾಲ್ಕು ಮನೆಗಳಿಗೆ ಹೇಳಿದರು. ಮೈದುನನ ಹೆಂಡತಿ ನನ್ನ ಹತ್ತಿರ ಓಡಿಬಂದು, "ಅಕ್ಕಾ, ನನ್ನೂ ಇವರು ಹಿಂಗೇ ಕರ್ಕೊಂಡು ಹೋಗಲಿ, ನಾವಿಬ್ಬರೇ," ಅಂದು ಕೆನ್ನೆ ಕೆಂಪು ಮಾಡಿಕೊಂಡಳು. ಪಕ್ಕದ ಮನೆಯವರು ನಕ್ಕು, ನಾವೂ ಸಂಕೋಚಕ್ಕೇ ಹೂಂ ಅಂದಿದ್ದು ಮಾರಾಯ್ರೇ ಅಂದರಂತೆ. ಹಾರ್ಡ್‌ವೇರ್ ಸಾಹುಕಾರರು ಚಹಾ ತರಿಸಿ ಬೇರೆ ಮಾತು ತೆಗೆದರು. ಮ್ಯಾನೇಜರು ಮಾತ್ರ ಸಿಟ್ಟಾದರು. ಗ್ರೂಪಿನಿಂದ ನಮ್ಮಿಬ್ಬರನ್ನೇ ತೆಗೆದುಹಾಕಿ ಅದನ್ನು ಮುಂದುವರಿಸಿದರು, ಈಗಲೂ ವಾಕಿಂಗಿನಲ್ಲಿ ಎದುರಾದರೆ ಆಕಾಶ ನೋಡುತ್ತಾರೆ. ಇರಲಿ.

ಉಳಿದದ್ದು ಹರಿಹರದ ಅಕ್ಕ. ನನ್ನ ಗಂಡನಿಗಿಂತ ಹತ್ತು ವರ್ಷಕ್ಕೆ ದೊಡ್ಡವರು, ಅವರನ್ನು ಎತ್ತಿ ಆಡಿಸಿದವರು. ಚಿಕ್ಕ ವಯಸ್ಸಿಗೇ ಅವರ ಗಂಡ ತೀರಿಹೋದ ಮೇಲೆ ಹರಿಹರದಲ್ಲಿ ಹಿಟ್ಟಿನ ಗಿರಣಿಯನ್ನು ತಾವೇ ನಡೆಸಿದರು. ಗಿರಣಿ ನಿಲ್ಲಿಸುವಂತಿಲ್ಲ ಎಂದು ನಮ್ಮ ಒಂದು ಯಾತ್ರೆಗೂ ಬಂದವರಲ್ಲ. ಈಗ ಗಿರಣಿ ಬೇರೆಯವರಿಗೆ ಕೊಟ್ಟು ಬಿಡುವಾಗಿದ್ದಾರೆ. ಎಪ್ಪತ್ತು ವರ್ಷಕ್ಕೆ ಬಂದ ಆ ಹೆಂಗಸು ಇವತ್ತಿನವರೆಗೂ ಸಮುದ್ರ ನೋಡಿಲ್ಲ. ಅವರಿಗೆ ಬೇಡವೆನ್ನಲು ನನಗೇ ಮನಸ್ಸಿರಲಿಲ್ಲ. ಬಸ್ಸಿನಲ್ಲಿ ಹೋಗುವಾಗ, "ಅಕ್ಕಾರು ಒಬ್ಬರು ಬರಲಿ ಬಿಡ್ರಿ," ಅಂದೆ. ಗಂಡ ಕಿಟಕಿಯ ಹೊರಗೆ ನೋಡುತ್ತಲೇ ಕೂತಿದ್ದರು.

ಮನೆಯ ಹೊಸ್ತಿಲ ಪಕ್ಕ ಹೊಸ ರಬ್ಬರ್ ಚಪ್ಪಲಿ ಕಂಡೆ. ನೀಲಿ ಬಣ್ಣ, ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ. "ಮರಳಾಗ ನಡೆಯಾಕೆ ಹಗುರ ಇರಬೇಕಂತೆ, ತಗೊಂಡೆ," ಅಂದರು ಅಕ್ಕ. ಚಹಾ ಬಂತು, ಅವಲಕ್ಕಿ ಬಂತು. ಗಂಡ ಬಟ್ಟಲು ಕೆಳಗಿಟ್ಟರು.

"ಅಕ್ಕಾ, ನಿನಗ ಬಾ ಅಂದಿದ್ದೆ. ಈಗ ಬ್ಯಾಡ ಅನ್ನಾಕೆ ಬಂದೀನಿ."

ಅಕ್ಕ ಸೆರಗು ಸರಿಮಾಡಿಕೊಂಡರು.

"ಎಲ್ಲಾರಿಗೂ ಬ್ಯಾಡ ಅಂದೀನಿ. ನಾನು ಇವಳು, ಇಬ್ಬರೇ ಹೋಗಬೇಕಂತ ಮಾಡೀವಿ. ಇವಳ ಜೊತೆ ನಾನು ಒಬ್ಬನೇ ಒಂದಿನ ಕೂತವನಲ್ಲ ಅಕ್ಕಾ. ನಂಗೆ ಕೂಡಬೇಕಾಗೈತೆ."

ನನ್ನ ಎದುರಿಗೆ ಎಂದೂ ಹೇಳದ ಮಾತನ್ನು ಅವರು ತಮ್ಮ ಅಕ್ಕನ ಎದುರಿಗೆ ಹೇಳುತ್ತಿದ್ದರು. ನಾನು ತಲೆ ತಗ್ಗಿಸಿ ಅವಲಕ್ಕಿಯಲ್ಲಿ ಶೇಂಗಾ ಆರಿಸುತ್ತ ಕೂತೆ. ಕಣ್ಣು ಮಂಜಾಗಿ ಶೇಂಗಾ ಕಾಣುತ್ತಿರಲಿಲ್ಲ.

ಅಕ್ಕ ಎದ್ದು ಹೋಗಿ ಹೊಸ್ತಿಲ ಬಳಿಯ ಚಪ್ಪಲಿಯನ್ನು ಎತ್ತಿಕೊಂಡು ಬಂದು ನಮ್ಮ ಮುಂದೆ ಕೂತರು. ಸ್ವಲ್ಪ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೇಸರವಾಗಿತ್ತು, ಮುಚ್ಚಿಡಲಿಲ್ಲ.

"ನಂಗೆ ಸಮುದ್ರ ನೋಡಬೇಕು ತಮ್ಮಾ. ಅದಂತೂ ನಿಜ."

"ತೋರಿಸ್ತೀನಿ. ನಮ್ದಕ್ಕಿಂತ ಮೊದಲು ನಿಂದು. ಬರೋ ತಿಂಗಳೇ ಕಾರವಾರಕ್ಕೆ ಹೋಗಾನ."

"ಯಾರ್ಯಾರು?"

"ನೀನು, ನಾನು, ಇವಳು..."

"ಇವಳ್ಯಾಕ?" ಅಂದರು ಅಕ್ಕ. ನನ್ನ ಕಡೆ ತಿರುಗಿ, "ನಿಂಗೆ ಗಂಡ ಒಬ್ಬನೇ ಬೇಕಂದ್ರೆ ನಂಗೂ ತಮ್ಮ ಒಬ್ಬನೇ ಬೇಕು. ನೀನು ಮನಿಯಾಗಿರು. ನಾನು ಮದಿವಿ ಆಗಿ ಇಲ್ಲಿಗೆ ಬಂದ ಮ್ಯಾಲೆ ನನ್ನ ಜೊತಿ ಇವನು ಒಬ್ಬನೇ ಯಾವಾಗ ಕೂತಾನ?"

ನನ್ನ ಮಾತಿನಿಂದಲೇ ನನ್ನ ಬಾಯಿಗೆ ಬೀಗ ಹಾಕಿದ್ದರು. ಮೊದಲು ನಕ್ಕಿದ್ದು ನಾನೇ. ಆಮೇಲೆ ಅಕ್ಕ, ಆಮೇಲೆ ಗಂಡ. ಅಕ್ಕ ಹಲ್ಲಿನಿಂದ ದಾರ ಕಚ್ಚಿ ಚಪ್ಪಲಿಯ ಬೆಲೆ ಚೀಟಿ ಕಿತ್ತು, ಕಾಲಿಗೆ ಹಾಕಿಕೊಂಡು ಪಡಸಾಲೆಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದರು.

ಅಕ್ಕನಿಗೆ ಹೇಳಿ ಹೊರಟಾಗ ಬಸ್ಸಿಗೆ ಇನ್ನೂ ಹೊತ್ತಿತ್ತು. ಹೊಳೆಯ ಕಡೆ ಹೋಗೋಣವೆಂದು ಗಂಡನೇ ಅಂದರು. ದಾರಿಯಲ್ಲಿ ಮಂಡಕ್ಕಿ, ಎರಡು ಮಿರ್ಚಿ ಬಜ್ಜಿ ಕಟ್ಟಿಸಿಕೊಂಡು ತುಂಗಭದ್ರೆಯ ಮೆಟ್ಟಿಲ ಮೇಲೆ ಕೂತೆವು. ಬಿಸಿಲು ಇಳಿದಿತ್ತು. ಆಚೆ ದಡದಲ್ಲಿ ಯಾರೋ ಹಾಸಿಗೆ ಬಟ್ಟೆ ಒಗೆದು ಕಲ್ಲಿನ ಮೇಲೆ ಹರವಿದ್ದರು. ನಮ್ಮ ನಡುವೆ ಪೇಪರಿನ ಮೇಲೆ ಮಂಡಕ್ಕಿ. ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಆದರೆ ಈ ಸಲ ನಾನು ಮನಸ್ಸಿನಲ್ಲಿ ಮಾತು ಹುಡುಕುತ್ತಿರಲಿಲ್ಲ. ಅವರು ಮಿರ್ಚಿಯ ತೊಟ್ಟು ಕಿತ್ತು ನನ್ನ ಕಡೆ ಸರಿಸಿದರು. ಖಾರ ಹೆಚ್ಚಾಗಿತ್ತು, ಇಬ್ಬರೂ ಮೂಗು ಒರೆಸಿಕೊಂಡೆವು.

ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಒಬ್ಬರು ಇಳಿದುಬಂದರು. ಅಂಗಡಿಯ ಹಳೆಯ ಗಿರಾಕಿ, ನನಗೂ ಗುರುತಿನವರು. "ಏನ್ ಸಾಹುಕಾರ್ರೇ, ಇಲ್ಲಿ?" ಅಂತ ನಗುತ್ತ ನಮ್ಮ ಮುಂದೆಯೇ ನಿಂತರು. ಗಂಡನ ಬಲಗೈ ತಾನಾಗಿಯೇ ಮಂಡಕ್ಕಿಯ ಕಡೆ ಚಾಚಿತು, ಬಾಯಿ ತೆರೆಯಿತು. ಆ ಮಾತು ಅವರ ತುಟಿಯವರೆಗೆ ಬಂದಿದ್ದು ನಾನು ಕಂಡೆ.

"ಆರಾಮ ಅದೀರಾ?" ಅಂದರು. ಅಷ್ಟೆ.

"ಆರಾಮ್ರಿ," ಅಂದು ಆ ಗಿರಾಕಿ ಒಂದು ಗಳಿಗೆ ನಿಂತು, ನೀರಿನ ಕಡೆ ಇಳಿದುಹೋದರು. ಗಂಡ ಚಾಚಿದ ಕೈಯಿಂದ ಒಂದು ಹಿಡಿ ಮಂಡಕ್ಕಿ ತೆಗೆದು ತಮ್ಮ ಬಾಯಿಗೆ ಹಾಕಿಕೊಂಡರು. ಮೂವತ್ತನಾಲ್ಕು ವರ್ಷದಲ್ಲಿ ಅವರು ಎದುರಿಗೆ ನಿಂತವರನ್ನು ಕರೆಯದೆ ತಿಂದ ಮೊದಲ ತುತ್ತು ಅದು. ಗಂಟಲಲ್ಲಿ ಇಳಿಯುತ್ತದೋ ಇಲ್ಲವೋ ಎಂದು ನಾನು ನೋಡುತ್ತಿದ್ದೆ. ನಿಧಾನವಾಗಿ ಅಗಿದರು, ನುಂಗಿದರು, ಆಮೇಲೆ ಪೇಪರನ್ನು ನನ್ನ ಹತ್ತಿರಕ್ಕೆ ಸರಿಸಿ, "ತಿನ್ನು, ನಮ್ಮಿಬ್ಬರಿಗೇ ಐತೆ," ಅಂದರು.